ಬಟ್ಲರ್ ಗೊಣಗಿದ ಮಾತು

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ತಲೆ ನರೆತಿಲ್ಲ, ಯಾರೂ ಶಾಲು ಹೊದಿಸಿ ಬೀಳ್ಕೊಡಲಿಲ್ಲ. ಎಡಗಿವಿ ಕೆಲಸ ನಿಲ್ಲಿಸಿತು. ಕಿವಿಯಿಂದಲೇ ಮಾಡುವ ಕೆಲಸವಾದ್ದರಿಂದ ನಾನೂ ನಿಲ್ಲಿಸಿದೆ. ನಮ್ಮ ಕಡೆಯಿಂದ ಲಾಸ್ ಏಂಜಲೀಸ್‌ಗೆ ಓದಲು ಬಂದು, ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಕೆಲವು ಹುಡುಗಿಯರು ಅಲ್ಲಿ ನಿಜವಾಗಿ ಏನು ಮಾಡಬೇಕು ಎಂದು ಕೇಳಿದರು. ಫೋನಿನಲ್ಲಿ ಹೇಳಲು ಹೋದೆ, ಆಗಲಿಲ್ಲ. ಯಾವ ಕಿವಿಗೆ ಹಿಡಿಯಬೇಕು ಎಂಬ ಗಡಿಬಿಡಿಯಲ್ಲೇ ಅರ್ಧ ಮಾತು ಹೋಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಹಾಲಿವುಡ್ ತೆಗೆದ ಕಪ್ಪುಬಿಳುಪು ಚಿತ್ರಗಳು ಅಲ್ಲಿಗೆ ಬರುತ್ತಿದ್ದವು. ಧ್ವನಿಪಟ್ಟಿಯಲ್ಲಿ ಕೂತ ಚಟಪಟ, ಕರಕರ, ಗುಂಯ್ ಎಂಬ ಸದ್ದನ್ನು ತೆಗೆಯುವುದು, ಪಾತ್ರಗಳು ಆಡಿದ್ದನ್ನು ಕೇಳಿ ತೆರೆಯ ಅಡಿಯಲ್ಲಿ ಬರುವ ಸಾಲುಗಳನ್ನು ಬರೆಯುವುದು ನನ್ನ ಕೆಲಸ. ಆ ಸಾಲುಗಳಿಗೆ ಕ್ಯಾಪ್ಷನ್ ಎನ್ನುತ್ತಾರೆ. ಕಿವಿ ಕೇಳದವರು ಚಿತ್ರ ನೋಡುವುದು ಅದನ್ನು ನಂಬಿ. ಒಂದು ಅಕ್ಷರ ತಪ್ಪಿದರೂ ಅವರಿಗೆ ಅದೇ ಸತ್ಯ. ಈ ಯೋಚನೆ ಮೊದಲ ದಿನ ತಲೆಗೆ ಹೊಕ್ಕಿದ್ದು ಕೊನೆಯ ದಿನದವರೆಗೂ ನನ್ನನ್ನು ನೆಮ್ಮದಿಯಾಗಿ ಕೂರಗೊಡಲಿಲ್ಲ.

ನಾನು ಸೇರಿದ್ದು ಕೋವಿಡ್ ವರ್ಷದಲ್ಲಿ. ಮೇಲಧಿಕಾರಿ ಕ್ಯಾರಲ್ ಹೆಡ್‌ಫೋನ್ ಮತ್ತು ಡಿಸ್ಕನ್ನು ನನ್ನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿಟ್ಟು, ಮೆಟ್ಟಿಲ ಕೆಳಗೆ ನಿಂತು, ಮಾಸ್ಕ್ ಒಳಗಿಂದಲೇ ಕೂಗಿ ಕೆಲಸ ಹೇಳಿಕೊಟ್ಟಳು. ಬಟ್ಟೆ ನೇತುಹಾಕುವ ಕಪಾಟಿನೊಳಗೆ ಕೂತು ಕೇಳುತ್ತಿದ್ದೆ. ಕೋಟು, ದುಪಟ್ಟಾಗಳು ಹೊರಗಿನ ಸದ್ದನ್ನು ತಡೆಯುತ್ತಿದ್ದವು. ಆಂಬುಲೆನ್ಸ್ ಸದ್ದನ್ನು ಮಾತ್ರ ತಡೆಯುತ್ತಿರಲಿಲ್ಲ.

ಮೊದಲ ಎಡವಟ್ಟು ಅಲ್ಲೇ ಆಯಿತು. ಮುದುಕನೊಬ್ಬ ಸಾಯುತ್ತಾ ಮಾತಾಡುವ ದೃಶ್ಯ. ಬಹಳ ಶ್ರದ್ಧೆಯಿಂದ ಎಲ್ಲ ಕರಕರವನ್ನೂ ತೆಗೆದು ಕಳಿಸಿದೆ. ಕ್ಯಾರಲ್ ಫೋನ್ ಮಾಡಿದಳು.

"ತುಂಬಾ ಕ್ಲೀನ್ ಆಗಿದೆ. ಅಭಿನಂದನೆ. ಸಾಯೋ ಮುಂಚೇನೇ ಅವನನ್ನ ಸಾಯಿಸಿಬಿಟ್ಟಿದ್ದೀಯ."

"ಅಂದ್ರೆ?"

"ಉಸಿರೆಲ್ಲಿ? ಕರಕರದ ಜೊತೆ ಅವನ ಉಸಿರನ್ನೂ ತೆಗೆದಿದ್ದೀಯ. ವಾಪಸ್ ಹಾಕು."

ಯಾವುದು ಕಸ, ಯಾವುದು ಮನುಷ್ಯ ಎಂದು ಗೊತ್ತಾಗದಿದ್ದರೆ ಕೈಯಿಡಬೇಡಿ. ಕ್ಯಾರಲ್ ಹೇಳಿಕೊಟ್ಟದ್ದರಲ್ಲಿ ನಿಮಗೆ ದಾಟಿಸಬೇಕಾದ್ದು ಇದೊಂದೇ.

ಹಾಗೆ ನಾನು ಉಸಿರು ಕಿತ್ತುಕೊಂಡ ಆ ಮುದುಕ ಒಬ್ಬ ಇಂಗ್ಲಿಷ್ ನಟ. ಹೆಸರು ಬರೆಯುವುದಿಲ್ಲ, ಅವರ ಮಗಳಿಗೆ ಇಷ್ಟವಿಲ್ಲ. ವರ್ಕ್‌ಶಾಪಿನಲ್ಲಿ ನಾವೆಲ್ಲ ಅವರನ್ನು ಬಟ್ಲರ್ ಎನ್ನುತ್ತಿದ್ದೆವು. ಹೆಚ್ಚಿನ ಚಿತ್ರಗಳಲ್ಲಿ ಅವರು ದೊಡ್ಡ ಮನೆಯ ಬಾಗಿಲು ತೆರೆಯುತ್ತಾರೆ, ಟೋಪಿ ಈಸಿಕೊಳ್ಳುತ್ತಾರೆ, "ಇತ್ತ ಬನ್ನಿ ಸರ್" ಎನ್ನುತ್ತಾರೆ. ನಾಟಕ ಕಂಪನಿಯ ಜೊತೆ ಅಮೆರಿಕಕ್ಕೆ ಬಂದವರು. ಸಿನಿಮಾ ಮಾತಾಡತೊಡಗಿದಾಗ ಇಂಗ್ಲೆಂಡಿನ ಉಚ್ಚಾರಣೆಯವರು ಬೇಕಾದರು. ಇವರು ಇಲ್ಲೇ ಉಳಿದರು. ಮೊದಲು ಬಡ ಲಾರ್ಡ್, ಆಮೇಲೆ ವಕೀಲ, ಡಾಕ್ಟರ್, ಕರ್ನಲ್, ಬಟ್ಲರ್, ಮತ್ತೆ ಬಟ್ಲರ್. ಕೊನೆಕೊನೆಗೆ ಹಾಸಿಗೆಯಲ್ಲಿ ಉಯಿಲು ಓದಿಸಿ ಸಾಯುವವನು. ಎರಡು ಸಾಲಿಗಿಂತ ಹೆಚ್ಚು ಮಾತು ಸಿಕ್ಕಿದ್ದು ಅಪರೂಪ. ಆ ಎರಡು ಸಾಲನ್ನು ಅವರು ಆಡುವ ರೀತಿಯಲ್ಲಿ, ಆಮೇಲೆ ಬರುವ ನಾಯಕ ಸುಮ್ಮನೆ ಕೂಗಾಡುವವನಂತೆ ಕೇಳಿಸುತ್ತಿದ್ದ. ಒಬ್ಬ ಮನುಷ್ಯನ ಧ್ವನಿಗೆ ವಯಸ್ಸಾಗುವುದನ್ನು ನಾನು ಇಡಿಯಾಗಿ ಕೇಳಿದ್ದು ಅವರದನ್ನು ಮಾತ್ರ.

ಕೋವಿಡ್ ಮುಗಿಯುವ ಹೊತ್ತಿಗೆ ಕೆಲಸದ ಕ್ರಮ ಬದಲಾಯಿತು. ತಾನೇ ಕೇಳಿ ತಾನೇ ಬರೆಯುವ ಸಾಫ್ಟ್‌ವೇರ್ ಬಂತು. ನಾವು ಅದು ಬರೆದದ್ದನ್ನು ತಿದ್ದುವವರಾದೆವು. ಅರ್ಥವಾಗದ್ದನ್ನು ಅದು "ಅಸ್ಪಷ್ಟ" ಎಂದು ಗುರುತಿಸಿ, ಶಬ್ದ ಕಸವಾದರೆ ಅಳಿಸಲೇ ಎಂದು ಕೇಳುತ್ತದೆ. ಹೊಸಬರು ಹೂಂ ಎಂದು ಒತ್ತಿಬಿಡುತ್ತಾರೆ. ನಾನು ಆ ಬಟನ್ ಮುಟ್ಟುವ ಮೊದಲು ಇನ್ನೊಮ್ಮೆ ಕೇಳುತ್ತಿದ್ದೆ. ಅದೇ ಕಾಲಕ್ಕೆ ನನ್ನ ಎಡಗಿವಿಯಲ್ಲಿ ಜೀರುಂಡೆಯಂಥ ಸದ್ದು ಶುರುವಾಗಿತ್ತು. ಮೊದಮೊದಲು ಅದು ಚಿತ್ರದಲ್ಲಿದೆ ಎಂದುಕೊಂಡು ತೆಗೆಯಲು ಹೋಗಿದ್ದೆ. ಹೆಡ್‌ಫೋನ್ ಕಳಚಿಟ್ಟ ಮೇಲೂ ಅದು ನಿಲ್ಲಲಿಲ್ಲ.

ಆಗ ಆ ಚಿತ್ರ ಬಂತು. ಕಥೆ ಭಾರತದಲ್ಲಿ ನಡೆಯುವುದಂತೆ; ಗುಡ್ಡ, ಗುಡಿ ಎಲ್ಲ ಸ್ಟುಡಿಯೋದ ರಟ್ಟಿನವು. ಬಟ್ಲರ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ಮುಂಡಾಸು ಸುತ್ತಿ, ದುಷ್ಟ ಪೂಜಾರಿಯಾಗಿದ್ದರು. ಇಂಗ್ಲಿಷ್ ಅಧಿಕಾರಿಗೆ ಶಾಪ ಹಾಕುವ ಒಂದು ದೃಶ್ಯ. ಕಣ್ಣು ಕೆರಳಿಸಿ ಏನೋ ಗೊಣಗುತ್ತಾರೆ. ಸಾಫ್ಟ್‌ವೇರ್ "ಅಸ್ಪಷ್ಟ" ಎಂದಿತ್ತು. ಚಿತ್ರದ ಮಾಲೀಕರು ಅದರ ಆರಂಭದಲ್ಲಿ ತೋರಿಸಲು ಒಂದು ಟಿಪ್ಪಣಿ ಸಿದ್ಧಪಡಿಸಿದ್ದರು: ಇದರಲ್ಲಿ ಬಿಳಿಯ ನಟನೊಬ್ಬ ಬಣ್ಣ ಬಳಿದುಕೊಂಡು ಭಾರತೀಯನ ಪಾತ್ರ ಮಾಡುತ್ತಾನೆ. ಭಾರತೀಯರ ಮಾತನ್ನು ಅಣಕಿಸುತ್ತಾ ಅರ್ಥವಿಲ್ಲದ ಶಬ್ದಗಳನ್ನಾಡುತ್ತಾನೆ.

ಟಿಪ್ಪಣಿಯ ಪ್ರತಿ ನಟನ ಮಗಳು ಮಾರ್ಜರಿಗೂ ಹೋಗಿತ್ತು. ಎಂಬತ್ತು ದಾಟಿದ ಆಕೆ ಸ್ಯಾನ್ ಡಿಯಾಗೋದಲ್ಲಿರುತ್ತಾರೆ. ಅದನ್ನು ಓದಿ, ಯಾರಾದರೂ ಬಂದು ಮಾತಾಡಿ ಎಂದು ಪತ್ರ ಬರೆದಿದ್ದರು. ಫೋನಿನಲ್ಲಿ ಅವರಿಗೆ ಏನೂ ಕೇಳಿಸುವುದಿಲ್ಲ ಎಂದು ಕ್ಯಾರಲ್ ನನ್ನನ್ನೇ ಕಳಿಸಿದಳು. ಬಾಗಿಲು ತೆರೆದ ಕೂಡಲೇ ಕಾಲಿಗೆ ಒಂದು ಪುಟ್ಟ ನಾಯಿ ಸುತ್ತಿಕೊಂಡಿತು.

"ಹೆದರಬೇಡ, ಅದು ರಾನಿ."

"ರಾಣಿ? ನಮ್ಮಲ್ಲೂ ಆ ಹೆಸರಿದೆ. ಕ್ವೀನ್ ಅಂತ ಅರ್ಥ."

"ಅಯ್ಯೋ, ಅವನು ಗಂಡು! ರಾ-ನಿ. ನನ್ನ ಕಿವಿಯೇ ಕೆಟ್ಟದ್ದು ಅಂದ್ಕೊಂಡಿದ್ದೆ, ನಿನ್ನದೂ ಹಾಗೇನಾ?"

ತಮಾಷೆಗೆ ಹೇಳಿದ್ದು. ನನಗೆ ನಗಲಾಗಲಿಲ್ಲ.

ಚಹಾ ಕೊಟ್ಟು ಅವರು ಸುತ್ತಿಬಳಸದೆ ಕೇಳಿದರು. "ಬಣ್ಣ ಬಳಿದದ್ದು ಸರಿ ಅಂತ ನಾನು ವಾದಿಸಲ್ಲ. ಆದರೆ ಅಪ್ಪ ಯಾರನ್ನೂ ಅಣಕಿಸುವವರಲ್ಲ. ಸ್ಕೂಲಿನಲ್ಲಿ ಹುಡುಗರು ಆ ಗೊಣಗಾಟ ಮಾಡಿಕೊಂಡು ನನ್ನ ಹಿಂದೆ ಬರ್ತಿದ್ದರು. ಅದು ನಿಜವಾಗಿಯೂ ಬರೀ ಊಳಿಡುವುದೇ ಆಗಿದ್ದರೆ ನನಗೆ ಹೇಳಿಬಿಡು. ಮಾತು ಆಗಿದ್ದರೂ ಹೇಳು. ಯಾವುದು ಅಂತ ಗೊತ್ತಾಗದೇ ಸಾಯೋದು ನನಗೆ ಬೇಡ."

"ಅವರು ಭಾರತದಲ್ಲಿದ್ದರಾ?"

"ಹುಟ್ಟಿದ್ದು ಲಂಡನ್ ಹತ್ತಿರ ಅನ್ನುತ್ತಿದ್ದರು. ಬಾಲ್ಯದ ಬಗ್ಗೆ ಕೇಳಿದರೆ ಪೈಪ್ ಹುಡುಕಲು ಎದ್ದು ಹೋಗುತ್ತಿದ್ದರು."

ವಾಪಸು ಬಂದು ಆ ಗೊಣಗಾಟವನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ವೇಗ ತಗ್ಗಿಸಿದೆ, ಗುಂಯ್ ತೆಗೆದೆ, ಬಲಗಿವಿಗೆ ಮಾತ್ರ ಬಿಟ್ಟೆ. ಒಂದು ಮಧ್ಯಾಹ್ನ ಕರಕರದ ನಡುವಿನಿಂದ "ಗುಮ್ಮ" ಎಂದಿತು. ಹೆಡ್‌ಫೋನ್ ತೆಗೆದು ಎದ್ದು ನೀರು ಕುಡಿದು ಬಂದೆ. ಮತ್ತೆ ಹಾಕಿದೆ. ಗುಮ್ಮ ಬತ್ತಾನೆ. ನಾನು ಮೈಸೂರಿನವಳು. ಊಟ ಮಾಡದಿದ್ದರೆ, ಮಲಗದಿದ್ದರೆ ಬರುವ ಆ ಗುಮ್ಮನನ್ನು ಹಾಲಿವುಡ್ಡಿನ ರಟ್ಟಿನ ಗುಡಿಯೊಳಗಿಂದ ಕೇಳುವುದೆಂದರೆ, ಖುಷಿಗಿಂತ ಹೆಚ್ಚಾಗಿ ಭಯವೇ ಆಯಿತು. ನನಗೆ ಬೇಕಾದ್ದನ್ನು ನಾನೇ ಕೇಳಿಸಿಕೊಳ್ಳುತ್ತಿದ್ದೇನೆಯೇ?

ಅಂಥ ಹೊತ್ತಿನಲ್ಲಿ ಇನ್ನೊಂದು ಕಿವಿ ಬೇಕು. ಶ್ರೀನಾಥ್ ನನ್ನ ಪಕ್ಕದ ಮನೆಯವರು, ಬೆಂಗಳೂರಿನ ಬಸವನಗುಡಿಯವರು, ಟೆಲಿಕಾಂ ಎಂಜಿನಿಯರ್. ಅರ್ಥವನ್ನೇನೂ ಹೇಳದೆ ಕೇಳಿಸಿದೆ.

"ಇದು ಕನ್ನಡ ಕಣ್ರೀ!" ಎಂದು ಕುರ್ಚಿಯಿಂದಲೇ ಎದ್ದರು. "ಇನ್ನೊಂದ್ಸಲ ಹಾಕಿ. ಗುಮ್ಮ ಬತ್ತಾನ್ ರೋ... ನಕ್ಕ... ನಕ್ಕ ಭಾವ!"

"ಭಾವ?"

"ಭಾವ ನಕ್ಕ. ಸ್ಪಷ್ಟವಾಗಿದೆಯಲ್ಲ."

"ಶಾಪದಲ್ಲಿ ಭಾವ ಯಾಕೆ ಬರ್ತಾನೆ ಶ್ರೀನಾಥ್?"

"ನಮ್ಮ ಭಾವ ನಕ್ಕರೆ ಶಾಪಾನೇ ರೀ. ಕಾರ್ ಕೇಳೋಕೆ ಬಂದಿದಾನೆ ಅಂತ ಅರ್ಥ."

ನನಗೂ ಹಾಗೆಯೇ ಕೇಳಿಸಿತ್ತು. ಬತ್ತಾನ್ ರೋ, ಬರ್ತಾನೆ ಕಣ್ರೋ ಎಂಬ ಹಾಗೆ. ವ್ಯಾಕರಣವೂ ಸರಿ. ಭಾವನ ಬಗ್ಗೆ ಖಾತ್ರಿಯಿಲ್ಲದೆ ಬಿಟ್ಟು, "ಭೂತ ಬರುತ್ತಿದೆ, ಎಚ್ಚರ! ಅವನು ನಕ್ಕ" ಎಂಬರ್ಥದ ಕ್ಯಾಪ್ಷನ್ ಬರೆದು ಕಳಿಸಿದೆ. ಪೂಜಾರಿಯ ಶಾಪಕ್ಕೆ ಅದು ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ ಕ್ಯಾರಲ್ ಚಪ್ಪಾಳೆ ತಟ್ಟಿದಳು. ಮುಂದಿನ ವಾರ ಚಿತ್ರ ನಮ್ಮ ಕೈಬಿಟ್ಟು ಮಾಲೀಕರಿಗೆ ಹೋಗುವುದಿತ್ತು. ಅದರ ಮೊದಲು ಮಾರ್ಜರಿಗೆ ನಾನೇ ಹೋಗಿ ಹೇಳುವುದೆಂದಾಯಿತು.

ಆ ವಾರವೆಲ್ಲ ಆ ಸಾಲನ್ನೇ ತಿರುತಿರುಗಿ ಓದಿದೆ. ಅಷ್ಟು ಚೆನ್ನಾಗಿ ಹೊಂದಿದ್ದೇ ನನಗೆ ಅನುಮಾನ ತಂದಿತ್ತು. ಗುಮ್ಮ ಬರುತ್ತಾನೆ ಎಂದು ಹೆದರಿಸುವವರು ನಡುವೆ ನಕ್ಕ ಎಂದು ಯಾಕೆ ಕಥೆ ಹೇಳುತ್ತಾರೆ? ಅದೇ ವಾರ ಕಿವಿ ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿ ವಾಪಸು ಬರುವುದಿಲ್ಲ ಎಂದರು. ಬಲಗಿವಿಯಲ್ಲೂ ಚೂಪು ಶಬ್ದಗಳು ಸವೆಯುತ್ತಿವೆ, ಹೆಡ್‌ಫೋನ್ ಕೆಲಸ ಬಿಡುವುದು ಒಳ್ಳೆಯದು ಎಂದರು. ಆಮೇಲೆ ಸಹಜವಾಗಿ ಒಂದು ಮಾತು ಸೇರಿಸಿದರು: "ಕೇಳದೇ ಹೋದದ್ದು ನಿಮಗೆ ಖಾಲಿ ಅಂತ ಅನ್ನಿಸೋದಿಲ್ಲ. ಅಲ್ಲಿ ಏನಿರಬೇಕು ಅಂತ ಮಿದುಳು ತಾನೇ ತುಂಬಿಕೊಳ್ಳುತ್ತೆ."

ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ತುಂಬ ಹೊತ್ತು ಕೂತಿದ್ದೆ. ಗುಮ್ಮನನ್ನು ನಾನೇ ತುಂಬಿಕೊಂಡಿದ್ದರೆ? ನಾನು ಮೊದಲೇ ಕನ್ನಡ ಎಂಬ ಮುಖ ಮಾಡಿದ್ದಕ್ಕೇ ಶ್ರೀನಾಥ್ ಕನ್ನಡ ಕೇಳಿಸಿಕೊಂಡಿದ್ದರೆ? ಒಬ್ಬ ವೃದ್ಧೆಗೆ ಅವರ ಅಪ್ಪನ ಮಾತೆಂದು ನನ್ನ ಕಿವಿಯ ರೋಗವನ್ನು ಕೊಟ್ಟು ಬರುತ್ತಿದ್ದೇನೆಯೇ? ಕೆಲಸ ಹೋಗುವುದು ಒಂದು ಕಡೆ. ಹೋಗುವ ಮೊದಲು ಮಾಡಿದ ಕೊನೆಯ ಕೆಲಸ ಸುಳ್ಳಾಗುವುದು ಇನ್ನೊಂದು.

ಭಾನುವಾರ ಹತ್ತಿರದ ಊರಾದ ವಾಲ್‌ನಟ್‌ಗೆ ಹೋದೆ. ಅಲ್ಲಿ ನನ್ನ ದೊಡ್ಡಪ್ಪನ ಮಗಳು ಶಬಾನಾ ಆಪಾ, ಅಂದರೆ ಅಕ್ಕ, ಇದ್ದಾಳೆ. ಕಿವಿಯ ವಿಷಯ ಅವಳಿಗೂ ಹೇಳಿರಲಿಲ್ಲ. ಬಿರಿಯಾನಿಗೆ ಈರುಳ್ಳಿ ಹುರಿಯುತ್ತಾ ಅವಳು ಶುರು ಮಾಡಿದಳು.

"ಏನೇ, ಕರೆದರೆ ತಿರುಗೋದೂ ಇಲ್ಲ. ದೊಡ್ಡ ಸ್ಟುಡಿಯೋದವಳು ಅಂತ ಜಂಭಾನಾ?"

"ಈರುಳ್ಳಿ ಸದ್ದಲ್ಲಿ ಕೇಳಿಸ್ಲಿಲ್ಲ ಆಪಾ."

"ಪುಸ್ತಕದ ಕನ್ನಡದಲ್ಲಿ ಕರೆದಿದ್ರೆ ಕೇಳಿಸ್ತಿತ್ತೇನೋ."

ಅದು ಹಳೆಯ ಚುಚ್ಚು. ಮನೆಯಲ್ಲಿ ನಾವು ಆಡುವುದು ದಖ್ಖನಿ, ನಮ್ಮ ಮೈಸೂರು ಮುಸಲ್ಮಾನರ ಉರ್ದು. ನಡುನಡುವೆ ಕನ್ನಡ ಸುರಿದುಕೊಂಡೇ ಇರುತ್ತದೆ. ಯೂನಿವರ್ಸಿಟಿಗೆ ಹೋದ ಮೇಲೆ ನಾನು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟೆ. ಹೊರಗೆ ಒಳ್ಳೆಯ ಕನ್ನಡ, ಒಳ್ಳೆಯ ಇಂಗ್ಲಿಷ್. ದಖ್ಖನಿ ಅಡುಗೆಮನೆಗೆ ಮಾತ್ರ.

ಅಷ್ಟರಲ್ಲಿ ಹಿತ್ತಿಲಲ್ಲಿ ಧಡ್ ಎಂದಿತು. ಆಪಾಳ ಚಿಕ್ಕ ಮಗಳು ಜೋಯಾ ಮಕ್ಕಳ ಸ್ಕೂಟರಿನಿಂದ ಬಿದ್ದಿದ್ದಳು. ನಾನೇ ಓಡಿಹೋಗಿ ಎತ್ತಿಕೊಂಡೆ. ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಬಾಯಿ ಅಗಲವಾಗಿ ತೆರೆದಿತ್ತು, ಅಳು ಇನ್ನೂ ಗಂಟಲಿಂದ ಹೊರಟಿರಲಿಲ್ಲ. ಬೆನ್ನು ತಟ್ಟುತ್ತಾ ಯೋಚಿಸದೇ ಹೇಳಿದೆ:

"ರೋ ನಕ್ಕೋ ಬಾವಾ, ರೋ ನಕ್ಕೋ."

ಹೇಳಿದ ಮೇಲೆ ಕೈ ನಿಂತುಬಿಟ್ಟಿತು.

"ಐ ಆಮ್ ನಾಟ್ ಕ್ರೈಯಿಂಗ್!" ಎಂದು ಜೋಯಾ ಅತ್ತಳು.

ರೋ ನಕ್ಕೋ. ಅಳಬೇಡ. ಯಾವ ಭಾವನೂ ನಕ್ಕಿರಲಿಲ್ಲ. ಗುಮ್ಮ ಬತ್ತಾನೆ, ರೋ ನಕ್ಕೋ ಬಾವಾ: ಗುಮ್ಮ ಬರ್ತಾನೆ, ಅಳಬೇಡ ಕಂದಾ. ಮೊದಲರ್ಧ ಕನ್ನಡ, ಉಳಿದರ್ಧ ನಮ್ಮ ಅಡುಗೆಮನೆ. ಗುಮ್ಮ ಎಂದು ಕೇಳಿದ ಕೂಡಲೇ ನಾನು ಕನ್ನಡದ ಡಬ್ಬಿ ತೆರೆದು, ಉಳಿದದ್ದನ್ನೂ ಅದರೊಳಗೇ ತುರುಕಿದ್ದೆ. ಒಂದು ಮಾತಿನಲ್ಲಿ ಒಂದೇ ಭಾಷೆ ಇರುತ್ತದೆಂದು ನಂಬುವವರು ಓದಿದವರು. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕ್ಯಾರಲ್‌ಗೆ ಅಲ್ಲಿಂದಲೇ ಫೋನ್ ಮಾಡಿ ಚಿತ್ರ ಕಳಿಸಬೇಡ ಎಂದೆ.

"ಮೊದಲು ಭೂತ ನಕ್ಕಿತು ಅಂದೆ. ಈಗ ಮಗು ಅಳಬಾರದು ಅಂತೀಯ. ಈ ಸಲ ಖಾತ್ರೀನಾ?"

ಗಾಜಿನ ಕೋಣೆಯ ಡಾಕ್ಟರ ಮಾತು ನೆನಪಾಯಿತು. ಮೊದಲ ಸಲವೂ ನಕ್ಕ ಎಂದು ಸ್ಪಷ್ಟವಾಗಿಯೇ ಕೇಳಿಸಿತ್ತು. ಕಿವಿಯ ವಿಷಯವನ್ನು ಅವಳಿಗೆ ಮೊದಲ ಸಲ ಹೇಳಿದೆ.

"ಮಂಗಳವಾರದವರೆಗೆ ತಡೀತೀನಿ," ಎಂದಳು. "ಮಗಳಿಗೆ ಹೇಳಿ ಬಾ. ಆಮೇಲೂ ನಿನಗೆ ಹಾಗೇ ಕೇಳಿಸಿದರೆ ಅದನ್ನೇ ಹಾಕೋಣ. ನಿನ್ನ ಕಿವಿ ಹೋಗಿರಬಹುದು, ನಿನ್ನ ಗಾಬರಿಯನ್ನ ನಾನು ನಂಬ್ತೀನಿ."

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಮರುದಿನ ಮಾರ್ಜರಿಗೆ ಸ್ಯಾನ್ ಡಿಯಾಗೋದ ಕರ್ನಿ ಮೆಸಾ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸವಿತ್ತು. ಅಲ್ಲೇ ಒಂದು ನೂಡಲ್ ಅಂಗಡಿಗೆ ಬರಹೇಳಿದರು. ನಾಯಿ ಜೊತೆಗಿದ್ದುದರಿಂದ ಹೊರಗಿನ ಮೇಜು. ಪಕ್ಕದಲ್ಲಿ ಆಫೀಸಿನವರು ಐಡಿ ಕಾರ್ಡ್ ನೇತುಹಾಕಿಕೊಂಡು ಸೂಪು ಕುಡಿಯುತ್ತಿದ್ದರು. ರಾನಿ ಮೇಜಿನಡಿಯಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿ ಮಲಗಿದ್ದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿ ಎಲ್ಲ ಕಲಸಿಹೋಯಿತು.

"ಊಳಿಟ್ಟದ್ದಾ, ಮಾತಾ?" ಎಂದರು.

"ಮಾತು. ಅಂತ ನನಗೆ ಅನ್ನಿಸುತ್ತೆ. ನನ್ನೂರಿನ ಕಡೆ ಮಾತು. ಚಿಕ್ಕ ಮಗುವಿಗೆ ಹೇಳುವಂಥದ್ದು. ಆದರೆ ನಾನು ಒಮ್ಮೆ ತಪ್ಪು ಕೇಳಿಸಿಕೊಂಡಿದ್ದೇನೆ. ನನ್ನ ಕಿವಿಯೂ..."

"ಏನು? ಜೋರಾಗಿ ಹೇಳು. ಈ ಕಡೆ ಬಾ."

ಅವರ ಒಳ್ಳೆಯ ಕಿವಿ ಬಲಗಡೆಯದು, ನನ್ನದೂ ಅದೇ. ಇಬ್ಬರೂ ಕುರ್ಚಿ ಸರಿಸಿಕೊಂಡು ಸರಿಯಾಗಿ ಕೂರುವುದೇ ಕಷ್ಟವಾಯಿತು.

"ನೀನು ಅರ್ಥ ಹೇಳಬೇಡ. ಅವರು ಅಂದದ್ದನ್ನ ಅನ್ನು."

ನಾನು ಜನರ ಮುಂದೆ ದನಿ ಎತ್ತುವವಳಲ್ಲ. ದಖ್ಖನಿಯನ್ನಂತೂ ಮನೆಯ ಹೊರಗೆ ಎಂದೂ ಜೋರಾಗಿ ಆಡಿದವಳಲ್ಲ. ಸೂಪು ಕುಡಿಯುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ಆ ದೃಶ್ಯದಲ್ಲಿ ಬಟ್ಲರ್ ಎಳೆದ ಹಾಗೆಯೇ ಎಳೆದು ಹೇಳಿದೆ:

"ಗುಮ್ಮ ಬತ್ತಾನೆ. ರೋ ನಕ್ಕೋ ಬಾವಾ, ರೋ ನಕ್ಕೋ."

ಮೇಜಿನಡಿಯಲ್ಲಿ ಸರಪಳಿ ಝಣ್ ಎಂದಿತು. ರಾನಿ ಎದ್ದು ನಿಂತಿದ್ದ. ಕಿವಿ ನಿಮಿರಿಸಿ ನೇರ ನನ್ನನ್ನು ನೋಡಿದ. ಆಮೇಲೆ ಬಂದು ನನ್ನ ಮಂಡಿಯ ಮೇಲೆ ಎರಡೂ ಮುಂಗಾಲಿಟ್ಟ.

ಮಾರ್ಜರಿ ಚಮಚ ಕೆಳಗಿಟ್ಟರು. "ಅವನ ಪೂರ್ತಿ ಹೆಸರು ನಿನಗೆ ಯಾರು ಹೇಳಿದರು?"

"ಯಾವ ಹೆಸರು?"

"ರೋನಾಕೋ. ರಾನಿ ಅನ್ನೋದು ಅಕ್ಕಪಕ್ಕದವರಿಗೆ. ನಮ್ಮ ಮನೆಯ ನಾಯಿಗಳೆಲ್ಲ ರೋನಾಕೋನೇ. ಚಿಕ್ಕವಳಿದ್ದಾಗ ನಾನು ಅತ್ತರೆ ಅಪ್ಪ ಬೆನ್ನು ತಟ್ಟುತ್ತಾ ರೋನಾಕೋ, ರೋನಾಕೋ ಅನ್ನುತ್ತಿದ್ದರು. ನನ್ನನ್ನು ಸುಮ್ಮನಾಗಿಸೋಕೆ ಯಾವುದೋ ನಾಯೀನ ಕರೀತಿದ್ದಾರೆ ಅಂದ್ಕೊಂಡಿದ್ದೆ. ಆಮೇಲೆ ನಿಜವಾಗಿ ನಾಯಿ ತಂದಾಗ ಬೇರೆ ಹೆಸರು ಯಾಕೆ ಹುಡುಕಬೇಕು?"

ಅರ್ಥ ಹೇಳಿದೆ. ಅವರು ಅಳಲಿಲ್ಲ. ನಾಯಿಯ ತಲೆಯ ಮೇಲೆ ಕೈಯಿಟ್ಟರು.

"ಇದನ್ನ ಮಗುವಿಗೆ ಯಾರು ಹೇಳುತ್ತಾರೆ? ಆಯಾನಾ, ಅಮ್ಮನಾ?"

"ಇಬ್ಬರೂ."

"ಅಪ್ಪನಿಗೆ ಹೇಳಿದ್ದು ಯಾರು ಅಂತ, ಅಪ್ಪ ಅಂದ ರೀತಿ ಕೇಳಿದರೆ ಗೊತ್ತಾಗಲ್ವಾ?"

ಆಯಾ ಸಾಕಿದ ಇಂಗ್ಲಿಷ್ ಮಗುವೋ, ನಮ್ಮ ಕಡೆಯ ತಾಯಿ ಹೆತ್ತ ಮಗುವೋ ಎಂದು ಅವರು ಕೇಳುತ್ತಿದ್ದರು. ಎಷ್ಟೋ ಸಲ ಆ ದೃಶ್ಯ ಕೇಳಿದ್ದೆ. ಆ ಧ್ವನಿಯ ಉಸಿರು, ವಯಸ್ಸು, ಎಲ್ಲ ನನಗೆ ಗೊತ್ತಿತ್ತು. "ಇಲ್ಲ," ಎಂದೆ. "ಗೊತ್ತಾಗಲ್ಲ."

ಟಿಪ್ಪಣಿಯ ಮೊದಲ ವಾಕ್ಯ ಹಾಗೆಯೇ ಉಳಿಯಿತು. ಬಣ್ಣ ಬಳಿದದ್ದು ಬಣ್ಣ ಬಳಿದದ್ದೇ. ಎರಡನೆಯದನ್ನು ತೆಗೆದರು. ಪೂಜಾರಿ ಕಣ್ಣು ಕೆರಳಿಸಿ ಶಾಪ ಹಾಕುವಾಗ ಈಗ ತೆರೆಯ ಅಡಿಯಲ್ಲಿ, ಗುಮ್ಮ ಬರುತ್ತಾನೆ, ಅಳಬೇಡ ಕಂದಾ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ನೋಡುವವರು ನಗುತ್ತಾರೋ ಗಾಬರಿಯಾಗುತ್ತಾರೋ ನನಗೆ ತಿಳಿಯದು. ಅದು ನಾನು ಬರೆದ ಕೊನೆಯ ಸಾಲು. ಈಗ ಇದನ್ನು ಬರೆಯುವಾಗಲೂ ಎಡಗಿವಿಯಲ್ಲಿ ಜೀರುಂಡೆ ಕೂಗುತ್ತಲೇ ಇದೆ.

ಆ ದಿನ ಅಂಗಡಿಯಿಂದ ಹೊರಟಾಗ ಮಾರ್ಜರಿ ನಾಯಿಯನ್ನು ಪೂರ್ತಿ ಹೆಸರಿಟ್ಟು ಕರೆದರು. ನಕ್ಕೋ ಎಂಬಲ್ಲಿ ಒತ್ತು ಬೀಳಲಿಲ್ಲ, ನಡುವಿನ ಅಕ್ಷರ ಅಮೆರಿಕನ್ ಬಾಯಲ್ಲಿ ಸೊಟ್ಟಗಾಯಿತು. ತಿದ್ದುವುದೇ ನನ್ನ ಕಸುಬಾಗಿತ್ತು. ತಿದ್ದಲಿಲ್ಲ.